ಸಾವಂತ್ರವ್ವನ ಗುಂಗರಿ ಕೋಳಿಗಳು

ಕೂದಲಿನ ವಿಷಯದಲ್ಲಿ ಕಲ್ಲಿನಾಥನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ತಲೆಯ ಮೇಲೆ ಮಾತ್ರ ಒಂದೆಳೆಯೂ ಇರಲಿಲ್ಲ.

ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ವೇಷದ ಕೂದಲಿನ ಟೋಪನ್ ಕಟ್ಟಿದವನು ಅವನು. ಕೃಷ್ಣನಿಗೆ ಗುಂಗುರು, ಭೀಮನಿಗೆ ಕೆದರು, ವಿದುರನಿಗೆ ಬಿಳಿ. ಒಂದೆಳೆ ಕೈಗೆ ಕೊಟ್ಟರೆ ಸಾಕು, ಕುದುರೆಯದೋ ಮನುಷ್ಯರದೋ, ಹುಟ್ಟು ಗುಂಗುರೋ ಇಕ್ಕಳ ಕಾಸಿ ಮಾಡಿದ ಗುಂಗುರೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ.

ಕಂಪನಿ ಮುಚ್ಚಿತು. ಪರದೆಗಳು ಒಬ್ಬರ ಪಾಲಾದವು, ಹಾರ್ಮೋನಿಯಂ ಇನ್ನೊಬ್ಬರ ಪಾಲಾಯಿತು. ಕಲ್ಲಿನಾಥನ ಪಾಲಿಗೆ ಒಂದು ಟ್ರಂಕು ಬಂತು. ಅದರಲ್ಲಿ ದುರ್ಯೋಧನನ ಮಖಮಲ್ ಅಂಗಿ, ಒಂದಿಷ್ಟು ಜರಿ, ಸೂಜಿ ದಾರ, ಕೃಷ್ಣನ ಗುಂಗುರು ಟೋಪನ್.

ಅಷ್ಟು ಚೆಂದದ ಟೋಪನ್ನನ್ನು ಟ್ರಂಕಿನಲ್ಲಿ ಇಡಲು ಮನಸ್ಸು ಬರಲಿಲ್ಲ. ತಲೆಗೆ ಹಾಕಿಕೊಂಡ. ಅದು ಅವನದೇ ಕೂದಲೆಂದು ಯಾರೂ ನಂಬಿರಲಿಲ್ಲ. ಎಲ್ಲರೂ ನಂಬಿದ್ದಾರೆಂದು ಅವನು ನಂಬಿದ್ದ.

ನಲವತ್ತೇಳನೆಯ ವಯಸ್ಸಿಗೆ ಅವನಿಗೆ ವೈರಾಗ್ಯ ಬಂತು. ಹೊಳೆ ದಂಡೆಯ ಸಾವಂತ್ರವ್ವ ದೊಡ್ಡ ಅನುಭಾವಿ, ಒಂದೇ ಮಾತಿನಲ್ಲಿ ಕಣ್ಣು ತೆರೆಸುತ್ತಾಳೆ ಎಂದು ಯಾರೋ ಹೇಳಿದರು. ಟ್ರಂಕು ಹೊತ್ತು ಹೊರಟ.

ಅಲ್ಲಿದ್ದದ್ದು ಒಂದು ಗುಡಿಸಲು, ಒಂದು ಬೇವಿನ ಮರ, ಮೂವತ್ತು ಕೋಳಿ. ಅಷ್ಟೇ ಆಶ್ರಮ. ಸಣ್ಣ ದೇಹದ ಮುದುಕಿಯೊಬ್ಬಳು ಅಂಗಳದಲ್ಲಿ ನುಚ್ಚು ಚೆಲ್ಲುತ್ತಿದ್ದಳು.

ಕಲ್ಲಿನಾಥ ಟ್ರಂಕು ಇಳಿಸಿ, ಎರಡೂ ಕೈ ಚಾಚಿ, ಕಡೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಅಂದ:

"ತಾಯೀ! ಅಜ್ಞಾನದ ಕಾರಿರುಳಿನಲ್ಲಿ ತೊಳಲಿ ಬಳಲಿ ನಿನ್ನ ಅಡಿದಾವರೆಗೆ ಬಂದಿರುವೆ. ಬೆಳಕಿನ ಒಂದು ಮಾತನ್ನು ಕರುಣಿಸು!"

ಕೋಳಿಗಳೆಲ್ಲ ದಿಕ್ಕಾಪಾಲಾಗಿ ಓಡಿದವು.

"ಸಾವಕಾಶ ಮಾತಾಡಪಾ," ಅಂದಳು ಸಾವಂತ್ರವ್ವ. "ಅವು ತತ್ತಿ ಇಡೂ ಹೊತ್ತು."

ಕಲ್ಲಿನಾಥ ದನಿ ತಗ್ಗಿಸಿದ. "ನನ್ನನ್ನ ಶಿಷ್ಯ ಅಂತ ತಗೋಬೇಕು ಅವ್ವಾ."

"ನಿನಗೇನು ಬರತೈತಿ?"

"ಕೂದಲಿನ ವಿದ್ಯಾ ಬರತೈತಿ."

ಅವ್ವ ಅವನ ತಲೆ ನೋಡಿದಳು. ಹೊತ್ತು ತಗೊಂಡು ನೋಡಿದಳು.

"ಈ ಬಿಸಲಾಗ ತಲಿ ಕಡಿಯೂದಿಲ್ಲೇನು?"

"ಹುಟ್ಟಾ ಇಷ್ಟ ದಟ್ಟ ಅವ್ವಾ. ರೂಢಿ ಆಗೇತಿ."

"ಹಂಗಾರ ಕೋಳಿ ನೋಡ್ಕೋ," ಅಂದಳು ಅವ್ವ, ನುಚ್ಚಿನ ಬುಟ್ಟಿ ಅವನ ಕೈಗಿತ್ತು.

ಆಗಲೇ ಅವನು ಕೋಳಿಗಳನ್ನು ನೆಟ್ಟಗೆ ನೋಡಿದ್ದು.

ಮೂವತ್ತರಲ್ಲಿ ಒಂದೆಂಟು ಬೇರೆಯೇ ಥರ ಇದ್ದವು. ಅವುಗಳ ಗರಿ ಹಿಂದಕ್ಕೆ ಮಲಗುವ ಬದಲು ಮುಂದಕ್ಕೆ ಸುರುಳಿ ಸುತ್ತಿದ್ದವು. ಬೆನ್ನ ಹಿಂದಿನಿಂದ ಬಿರುಗಾಳಿ ಬೀಸಿ, ಗಾಳಿ ನಿಂತ ಮೇಲೂ ಗರಿಗಳು ಇಳಿಯುವುದನ್ನೇ ಮರೆತ ಹಾಗೆ. ಊರವರು ಅವಕ್ಕೆ ಗುಂಗರಿ ಕೋಳಿ ಅನ್ನುತ್ತಿದ್ದರು. ಉಳಿದವು ಸಾದಾ.

ಕಲ್ಲಿನಾಥನ ಕಣ್ಣು ತುಂಬಿ ಬಂತು. ಇಪ್ಪತ್ತೆರಡು ವರ್ಷ ಅವನು ಬೆರಳು ಸುಟ್ಟುಕೊಂಡು ಮಾಡಿದ್ದನ್ನು ಯಾರೋ ಕೋಳಿಯ ಮೈಮೇಲೆ ಪುಕ್ಕಟೆ ಮಾಡಿಟ್ಟಿದ್ದರು.

ಗುಂಗರಿ ಹುಂಜಕ್ಕೆ ಕೀಚಕ ಎಂದು ಹೆಸರಿಟ್ಟ. ಎಲ್ಲಕ್ಕಿಂತ ಗುಂಗುರಾದ ಹೇಂಟೆಗೆ ಚಿತ್ರಾಂಗದೆ ಎಂದಿಟ್ಟ. ಸಾದಾ ಕೋಳಿಗಳಿಗೆ ಹೆಸರಿಡುವ ಯೋಚನೆ ಬರಲಿಲ್ಲ.

ನಾಲ್ಕನೆಯ ದಿನ ಅವನು ಓಡುತ್ತ ಬಂದ.

"ಅವ್ವಾ, ಪವಾಡ! ಒಂದು ಸಾದಾ ಹೇಂಟಿ ಗುಂಗರಿ ಆಗಾಕ ಹತ್ತೇತಿ. ಮುಂಜಾನಿಂದ ಗರಿ ಎದ್ದ ನಿಂತಾವ."

ಅವ್ವ ಹೋಗಿ ನೋಡಿದಳು. ಹೇಂಟೆ ಮೂಲೆಯಲ್ಲಿ ಉಬ್ಬಿಕೊಂಡು, ಕಣ್ಣು ಮುಚ್ಚಿ ಕೂತಿತ್ತು.

"ಅದಕ್ಕ ಜ್ವರ ಬಂದೈತಿ," ಅಂದಳು. "ಬೆಳ್ಳೊಳ್ಳಿ ಜಜ್ಜಿ ತಾ."

ಆಮೇಲೆ ಒಂದು ಹೇಂಟೆ ಕಾವು ಮುಗಿಸಿ ಹತ್ತು ಮರಿ ಎಬ್ಬಿಸಿತು. ಹತ್ತೂ ಹಳದಿ ಹತ್ತಿಯ ಉಂಡೆ. ಅವ್ವ ಬುಟ್ಟಿಯನ್ನು ಶಿಷ್ಯನ ಮುಂದೆ ಇಟ್ಟಳು.

"ಇದರಾಗ ಗುಂಗರಿ ಯಾವು, ಹೇಳು."

ಕಲ್ಲಿನಾಥ ಅಂಗಿಯ ತೋಳು ಮೇಲೇರಿಸಿದ. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿದ, ಊದಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಕಡೆಗೆ ಐದು ಆರಿಸಿ ಕಾಲಿಗೆ ಕೆಂಪು ದಾರ ಕಟ್ಟಿದ.

"ಇವೈದು. ಕೈಯಾಗ ಹಿಡದ ಕೂಡಲೇ ತಿಳೀತು."

ವಾರ ಕಳೆಯುವಷ್ಟರಲ್ಲಿ ರೆಕ್ಕೆಯ ಮೊದಲ ಗರಿಗಳು ಬಂದವು. ಐದು ಮರಿಗಳ ಗರಿತುದಿ ಮೇಲಕ್ಕೆ ಕೊಕ್ಕೆಯಂತೆ ತಿರುಗಿತು. ಆ ಐದರಲ್ಲಿ ಕೆಂಪು ದಾರದ್ದು ಒಂದೇ ಒಂದು.

ಕಲ್ಲಿನಾಥನಿಗೆ ಅವಮಾನವಾಯಿತು. "ನಿನಗ ಹೆಂಗ ತಿಳೀತೈತಿ ಅವ್ವಾ?"

"ನಾ ಎಂಟ ದಿನ ಕಾಯ್ತೀನಿ."

"ಅಷ್ಟ?"

"ಅಷ್ಟ."

ಅವನು ಕಾಯುವುದನ್ನು ಕಲಿಯಲಿಲ್ಲ, ಆದರೆ ನೋಡುವುದನ್ನು ಕಲಿತ. ನಿಜವಾದ ಗುಂಗರಿಯಲ್ಲಿ ಗರಿಯ ದಂಟೇ ತಿರುಗಿರುತ್ತದೆ, ತುದಿ ಮಾತ್ರ ಅಲ್ಲ. ಮಳೆಯಲ್ಲಿ ನೆನೆದರೂ ಸುರುಳಿ ಬಿಡುವುದಿಲ್ಲ. ಹಾರಲು ಬಾರದ್ದರಿಂದ ಅವಕ್ಕೆ ಮೊಳದೆತ್ತರದ ಅಡ್ಡಕೋಲು ಸಾಕು. ಇವೆಲ್ಲ ಅವನಿಗೆ ಎರಡು ತಿಂಗಳಲ್ಲಿ ಕರಗತವಾದವು.

ಅಷ್ಟರಲ್ಲಿ ಮಲ್ಲನಗೌಡ ಬಂದ.

ಆಚೆ ಊರಿನ ದೊಡ್ಡ ಕುಳ ಅವನು. ಬಗಲಲ್ಲಿ ಒಂದು ಹುಂಜ. ಮೈ ತುಂಬ ಸುರುಳಿ ಸುರುಳಿ ಗರಿ.

"ಸಂತ್ಯಾಗ ಸಿಕ್ಕಿತು ಅವ್ವಾ. ನಿಮ್ಮ ಕೋಳಿಗಿಂತ ಮಿಗಿಲು. ಇದರ ಸಂತಾನ ಬೆಳಸಬೇಕು. ಒಮ್ಮೆ ನೋಡಿ ಹೌದನ್ನರಿ."

ಅವ್ವ ಕಲ್ಲಿನಾಥನ ಕಡೆ ಕೈ ತೋರಿಸಿದಳು.

ಕಲ್ಲಿನಾಥ ಹುಂಜದ ಕುತ್ತಿಗೆಗೆ ಮೂಗು ಒತ್ತಿದ. ಇಪ್ಪತ್ತೆರಡು ವರ್ಷದ ಪರಿಚಯದ ವಾಸನೆ ಅದು. ಸುಟ್ಟ ಕೂದಲು, ತೆಂಗಿನೆಣ್ಣೆ, ಕಾಸಿದ ಕಬ್ಬಿಣ.

ಒಂದು ಮಾತೂ ಆಡದೆ ಹುಂಜವನ್ನು ಹೊಳೆಗೆ ಒಯ್ದು ಮುಳುಗಿಸಿ ಎತ್ತಿದ. ಸುರುಳಿಗಳೆಲ್ಲ ಜೋತುಬಿದ್ದವು. ಕೈಯಲ್ಲಿ ಉಳಿದದ್ದು ಒಂದು ಒದ್ದೆ ಸಾದಾ ಹುಂಜ, ವಿಪರೀತ ಸಿಟ್ಟಿನದು.

"ಯಾರೋ ಇದಕ್ಕ ಇಕ್ಕಳ ಹಚ್ಯಾರ ಗೌಡ್ರ," ಅಂದ. "ಕೆಲಸನೂ ನೆಟ್ಟಗಾಗಿಲ್ಲ. ಬಾಲದ ಕಡೆ ಕರಕ ಮಾಡ್ಯಾರ."

ಗೌಡ ಬಗ್ಗಿ ಕಲ್ಲಿನಾಥನ ಕಾಲು ಮುಟ್ಟಿದ.

ಆವರೆಗೆ ಕಲ್ಲಿನಾಥನ ಕಾಲನ್ನು ಯಾರೂ ಮುಟ್ಟಿರಲಿಲ್ಲ. ವೈರಾಗ್ಯ ಬಂದವನಿಗೆ ಅದು ಇಷ್ಟು ಹಿತವಾಗಬಾರದಿತ್ತು.

ಅವ್ವ ನೀರಿಗೆ ಹೋದದ್ದನ್ನು ನೋಡಿ ಗೌಡ ಹತ್ತಿರ ಸರಿದ.

"ನೀವ ಖರೇ ಗುರುಗಳು. ಒಂದು ಮಾತು ಕೇಳ್ತೀನಿ. ನನ್ನ ಅಂಗಳದಾಗ ಒಂದೂ ಸಾದಾ ಕೋಳಿ ಇರಬಾರದು. ಎಲ್ಲಾ ಗುಂಗರಿ. ಯುಗಾದಿಗೆ ಮಾಡಿ ಕೊಟ್ರ, ನಮ್ಮ ಕೆರಿ ದಂಡಿ ಮ್ಯಾಲ ನಿಮಗೊಂದು ಮಠ ಕಟ್ಟಸ್ತೀನಿ. ಬಾಗಲ ಮ್ಯಾಲ ಹೆಸರು ಕೆತ್ತಸ್ತೀನಿ."

"ಏನಂತ?"

"ಗುಂಗರಿ ಕಲ್ಲಿನಾಥ ಸ್ವಾಮಿಗಳು."

ಕಲ್ಲಿನಾಥ ಆ ಹೆಸರನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡ. ಎರಡನೆಯ ಸಲ ಇನ್ನೂ ಚೆನ್ನಾಗಿ ಕೇಳಿಸಿತು.

"ಯುಗಾದಿಗೆ ಬರ್ರಿ," ಅಂದ.

ದೀಪಾವಳಿ ಮುಗಿದ ಮೇಲೆ ಅವ್ವನ ಅಕ್ಕ ಹಾಸಿಗೆ ಹಿಡಿದ ಸುದ್ದಿ ಬಂತು. ಅವ್ವ ಗಂಟು ಕಟ್ಟಿದಳು.

"ಸಂಕ್ರಾಂತಿತನಕ ಬರೂದಿಲ್ಲ. ಈಗ ಇದ್ದಂಗ ಇರಲಿ. ಈ ಗೂಡಿನಾಗ ಗುಂಗರಿ ಹೇಂಟಿಗೋಳು, ಸಾದಾ ಹುಂಜ. ಆ ಗೂಡಿನಾಗ ಸಾದಾ ಹೇಂಟಿಗೋಳು, ನಿನ್ನ ಕೀಚಕ. ನಡುವಿನ ಬೇಲಿ ತಗೀಬ್ಯಾಡ."

"ಅವ್ವಾ, ಸಾದಾ ಯಾಕ ಬೇಕು? ಗುಂಗರಿಗೆ ಗುಂಗರಿ ಕೂಡಿಸಿದ್ರ ಎಲ್ಲಾ ಗುಂಗರಿ ಆಗೂದಿಲ್ಲೇನು?"

ಅವ್ವ ಗಂಟು ಹೆಗಲಿಗೇರಿಸಿದಳು.

"ಟೋಪನ್ ಕಟ್ಟುವಾಗ ಒಳಗ ಸಾದಾ ಬಟ್ಟಿ ಯಾಕ ಹಚ್ಚತಾರ?"

ಕಲ್ಲಿನಾಥನ ಕೈ ಥಟ್ಟನೆ ತಲೆಗೆ ಹೋಯಿತು.

"ಯಾ... ಯಾವ ಟೋಪನ್ ಅವ್ವಾ?"

ಅವ್ವ ನಕ್ಕು ನಡೆದಳು. ಅವಳು ಹೊಳೆ ದಾಟುವವರೆಗೂ ಅವನಿಗೆ ಒಂದೇ ಚಿಂತೆ: ಅವ್ವನಿಗೆ ಗೊತ್ತಾಯಿತೇ? ಗೊತ್ತಾದದ್ದು ಎಂದಿನಿಂದ? ಅವಳು ಕೇಳಿದ ಪ್ರಶ್ನೆ ಅಂಗಳದಲ್ಲೇ ಬಿದ್ದುಕೊಂಡಿತು.

ಮರುದಿನ ಅವನು ಬೇಲಿಯ ಮುಳ್ಳು ಸರಿಸಿದ. ಕೀಚಕನನ್ನು ಎತ್ತಿ ಗುಂಗರಿ ಹೇಂಟೆಗಳ ಗೂಡಿಗೆ ತಂದ. ಸಾದಾ ಹುಂಜವನ್ನು ಆಚೆಗಟ್ಟಿದ. ಮತ್ತೆ ಬೇಲಿ ಮುಚ್ಚಿದ.

ಅವಸರ ಮಾಡಲಿಲ್ಲ. ಹಳೆಯ ಹುಂಜದ ಋಣ ಹರಿಯಲೆಂದು ಹದಿನೈದು ದಿನ ಬಿಟ್ಟು, ಆಮೇಲಿನ ತತ್ತಿಗಳನ್ನೇ ಆರಿಸಿದ. ಹದಿಮೂರು ತತ್ತಿ. ಕಾವಿಗೆ ಕೂತ ಚಿತ್ರಾಂಗದೆಯ ಕೆಳಗಿಟ್ಟ. ಇಪ್ಪತ್ತೊಂದು ದಿನ ಎಣಿಸಿದ. ಹನ್ನೆರಡು ಮರಿ ಹೊರಬಂದವು.

ಈ ಸಲ ಕೆಂಪು ದಾರ ಕಟ್ಟಲಿಲ್ಲ. ಎಲ್ಲವೂ ಗುಂಗರಿಯೇ ಎಂದಮೇಲೆ ಗುರುತು ಯಾಕೆ?

ಎಂಟು ದಿನವಾಯಿತು. ಆರು ಮರಿಗಳ ಗರಿ ತಿರುಗಿತು. ಮೂರರದು ತಿರುಗಲೇ ಇಲ್ಲ. ಸಪಾಟು ಸಾದಾ.

ಕಲ್ಲಿನಾಥ ಸಾದಾ ಹುಂಜದ ಮುಂದೆ ಹೋಗಿ ನಿಂತ.

"ಖರೇ ಹೇಳು. ಬೇಲಿ ಹಾರಿದ್ದಿ?"

ಹುಂಜ ಅವನ ಹೆಬ್ಬೆರಳು ಕುಕ್ಕಿತು.

ಬೇಲಿಯನ್ನು ತಿರುತಿರುಗಿ ನೋಡಿದ. ಒಂದು ಮುಳ್ಳೂ ಕದಲಿರಲಿಲ್ಲ. ಗುಂಗರಿ ತಾಯಿ, ಗುಂಗರಿ ತಂದೆ, ಸಾದಾ ಮಗು. ಅವನ ನಾಟಕಗಳಲ್ಲಿ ಇಂಥದಕ್ಕೆ ಶಾಪವೋ ಅದಲುಬದಲಾದ ಕೂಸೋ ಕಾರಣ ಇರುತ್ತಿತ್ತು. ಇಲ್ಲಿ ಏನೂ ಸಿಗಲಿಲ್ಲ.

ಆದರೆ ಉಳಿದ ಮೂರು ಮರಿ ಅವನ ದುಃಖವನ್ನೆಲ್ಲ ತೊಳೆದವು. ಅವುಗಳ ಗರಿ ಮೂರನೆಯ ದಿನಕ್ಕೇ ತಿರುಗಿದ್ದವು. ಎಂಥ ತಿರುಗು! ದಾರದ ಉಂಡೆಯಂತೆ, ಗಡಿಯಾರದ ಸ್ಪ್ರಿಂಗಿನಂತೆ ಬಿಗಿ. ಕೃಷ್ಣನ ಟೋಪನ್ನಿನಲ್ಲೂ ಅಂಥ ಗುಂಗುರು ಅವನು ಮಾಡಿರಲಿಲ್ಲ.

ಮೂರಕ್ಕೂ ಸೇರಿಸಿ ತ್ರಿಮೂರ್ತಿ ಎಂದು ಹೆಸರಿಟ್ಟ. ಟ್ರಂಕಿನ ಮೇಲೆ ಕೂತು, ಸ್ವಾಮಿಗಳು ಹೇಗೆ ಆಶೀರ್ವಾದ ಮಾಡುತ್ತಾರೋ ಹಾಗೆ ಕೈಯೆತ್ತಿ ನೋಡಿದ. ಚೆನ್ನಾಗಿಯೇ ಬರುತ್ತಿತ್ತು.

ಮೂರನೆಯ ವಾರ ತ್ರಿಮೂರ್ತಿಗಳ ಮೈಯಿಂದ ಒಂದು ಗರಿ ಬಿತ್ತು.

ಮರುದಿನ ಹತ್ತು ಬಿದ್ದವು. ಅಷ್ಟು ಬಿಗಿಯಾಗಿ ಸುತ್ತಿದ್ದರಿಂದ ಗರಿಗಳಿಗೆ ಜೀವವೇ ಇರಲಿಲ್ಲ. ಒಣಗಿದ ಹುಲ್ಲಿನಂತೆ ಮುಟ್ಟಿದರೆ ಮುರಿದವು. ಒಡಹುಟ್ಟಿದ ಮರಿಗಳು ಕುಕ್ಕಿ ಉಳಿದವನ್ನೂ ಉದುರಿಸಿದವು.

ತಿಂಗಳು ತುಂಬುವಷ್ಟರಲ್ಲಿ ಮೂರೂ ಬತ್ತಲೆ. ಕೆಂಪು ಚರ್ಮ, ಅಲ್ಲೊಂದು ಇಲ್ಲೊಂದು ನೂಲಿನಂಥ ಎಳೆ. ಹೊರಗೆ ಮಾಗಿಯ ಚಳಿ. ಹೊಳೆಯ ಮೇಲಿಂದ ಬರುವ ಗಾಳಿಗೆ ಮೂರೂ ಒಂದಕ್ಕೊಂದು ಅಂಟಿ ನಡುಗುತ್ತಿದ್ದವು.

ಕಲ್ಲಿನಾಥ ಟ್ರಂಕು ತೆರೆದ. ದುರ್ಯೋಧನನ ಮಖಮಲ್ ಅಂಗಿಗೆ ಕತ್ತರಿ ಹಾಕಿದ. ಮೂರು ಪುಟ್ಟ ಅಂಗಿ ಹೊಲಿದ. ಕೈ ರೂಢಿಯ ದೋಷ, ಅಂಚಿಗೆ ಜರಿ ಹಚ್ಚದೆ ಅವನಿಂದ ಇರಲಾಗಲಿಲ್ಲ.

ಮೂರು ಮಹಾರಾಜರು ಅಂಗಳದಲ್ಲಿ ಓಲಾಡುತ್ತ ನಡೆದರು. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ, ಹೊಟ್ಟೆ ಹಿಡಿದು ನಕ್ಕರು. ಕಲ್ಲಿನಾಥನೂ ನಕ್ಕ.

ಒಂದು ಮಂಜಿನ ಮುಂಜಾವು ಒಬ್ಬ ಮಹಾರಾಜ ಏಳಲಿಲ್ಲ.

ಕಲ್ಲಿನಾಥ ಬೇವಿನ ಮರದ ಬುಡದಲ್ಲಿ ಗುಂಡಿ ತೋಡಿ, ಅಂಗಿ ಸಮೇತ ಮಲಗಿಸಿದ. ರಾಜ ಸತ್ತಾಗ ಆಡುವ ಮಾತುಗಳು ಅವನಿಗೆ ಇಪ್ಪತ್ತು ನಾಟಕದವು ಬಾಯಿಪಾಠ ಇದ್ದವು. ಬಾಯಿ ತೆರೆದ. ಒಂದೂ ಬರಲಿಲ್ಲ.

ನಾಲ್ಕು ದಿನಕ್ಕೆ ಎರಡನೆಯದೂ ಹೋಯಿತು.

ಮೂರನೆಯದನ್ನು ಅವನು ಎದೆಗೆ ಕಟ್ಟಿಕೊಂಡು ತಿರುಗಿದ. ಬುಟ್ಟಿಯಲ್ಲಿ ಹುಲ್ಲು ಹಾಸಿದ. ಹುಲ್ಲು ಅದರ ಚರ್ಮಕ್ಕೆ ಚುಚ್ಚುತ್ತಿತ್ತು. ಹತ್ತಿ ಹಾಸಿದ. ಅದು ಕಾಲಿಗೆ ಸಿಕ್ಕಿ ಮರಿ ಬಿದ್ದು ಕಿರುಚಿತು. ಮೆತ್ತಗೆ, ಬೆಚ್ಚಗೆ, ಗಾಳಿ ಆಡುವಂಥದ್ದು ಬೇಕಿತ್ತು.

ಕಲ್ಲಿನಾಥ ದಾರಿಯ ಎರಡೂ ಕಡೆ ನೋಡಿದ. ಆಮೇಲೆ ನೋಡುವುದನ್ನು ಬಿಟ್ಟ. ತಲೆಯ ಮೇಲಿನ ಟೋಪನ್ ತೆಗೆದು ಮಗುಚಿ, ಮರಿಯನ್ನು ಅದರೊಳಗೆ ಕೂರಿಸಿದ.

ಮರಿ ಎರಡು ಸುತ್ತು ಸುತ್ತಿತು. ಕೂತಿತು. ನಡುಕ ನಿಂತಿತು.

ಮರಿಯ ಅಕ್ಕಪಕ್ಕ ಟೋಪನ್ನಿನ ಒಳಗಿನ ಬಟ್ಟೆ ಕಾಣುತ್ತಿತ್ತು. ಮಾಸಿದ ಸಾದಾ ಮಾದರಪಾಟು. ಒಂದೊಂದು ಗುಂಗುರೆಳೆಯನ್ನೂ ಅದಕ್ಕೇ ಗಂಟು ಹಾಕಿದ್ದವನು ಅವನೇ. ಬಟ್ಟೆ ಇಲ್ಲದಿದ್ದರೆ ಗುಂಗುರು ನಿಲ್ಲುವುದು ಯಾವುದರ ಮೇಲೆ?

ಅವನು ಬಹಳ ಹೊತ್ತು ಆ ಬಟ್ಟೆಯನ್ನೇ ನೋಡಿದ.

ಆಮೇಲೆ ಎದ್ದು ಹೋಗಿ, ಕೀಚಕನನ್ನು ಎತ್ತಿ ಸಾದಾ ಹೇಂಟೆಗಳ ಗೂಡಿಗೆ ಬಿಟ್ಟ. ಸಾದಾ ಹುಂಜ ಮತ್ತೊಮ್ಮೆ ಕುಕ್ಕಿತು. ಈ ಸಲ ಅವನು ಬೈಯಲಿಲ್ಲ.

ಸಂಕ್ರಾಂತಿಯ ಮರುದಿನ ಅವ್ವ ಬಂದಳು. ಗಂಟಿನಲ್ಲಿ ಎಳ್ಳುಬೆಲ್ಲ ಇತ್ತು.

ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಬೋಳು ತಲೆಯವನೊಬ್ಬ ಕೂತಿದ್ದ. ಅವನ ತೊಡೆಯ ಮೇಲೊಂದು ಟೋಪನ್. ಟೋಪನ್ನಿನೊಳಗೆ ಜರಿಯಂಚಿನ ಮಖಮಲ್ ಅಂಗಿ ತೊಟ್ಟ ಬೋಳು ಕೋಳಿಮರಿ.

ಅವ್ವನಿಗೆ ನಗು ಬಂತು. ಗಂಟು ಕೆಳಗಿಟ್ಟು ನಕ್ಕಳು, ಮರ ಹಿಡಿದು ನಕ್ಕಳು, ಕಡೆಗೆ ನಿಲ್ಲಲಾರದೆ ಕೂತು ನಕ್ಕಳು.

"ಯಾರಪಾ ನೀ?"

"ನಾನವ್ವಾ. ಕಲ್ಲಿನಾಥ."

"ಹೌದಲ್ಲ," ಅಂದಳು ಕಣ್ಣೊರೆಸಿಕೊಳ್ಳುತ್ತ. "ಈಗ ಗುರ್ತ ಹತ್ತಿತು."

ಅವನು ತಲೆ ತಗ್ಗಿಸಿದ. "ನಿನ್ನ ಮಾತು ಮೀರಿದೆ. ಎರಡು ಸತ್ತವು. ಬೈ ಅವ್ವಾ."

"ಬೈದರ ಇದಕ್ಕ ಗರಿ ಬರತಾವೇನು?"

"ಬೇಲಿ ತಗೀಬ್ಯಾಡ ಅಂದಿ. ಹಿಂಗ ಬೋಳಾಗಿ ಸಾಯತಾವ ಅಂತ ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲ."

"ಯಾವಾಗ?"

"ನೀ ತಲಿ ಹಿಡ್ಕೊಂಡು ನಿಂತಿದ್ದಿ ನೋಡು, ಆವಾಗ."

ಅವ್ವ ಮರಿಯನ್ನು ಎತ್ತಿ ಅಂಗಿಯ ಹೊಲಿಗೆ ನೋಡಿದಳು. ಜರಿಯನ್ನು ಬೆರಳಿನಿಂದ ಸವರಿದಳು.

"ಎಷ್ಟು ಹುಟ್ಟಿದ್ದವು ಇಂಥವು?"

"ಮೂರು."

"ನಮ್ಮವ್ವ ನನಗೂ ಹೇಳಿದ್ದಳು, ಗುಂಗರಿಗೆ ಗುಂಗರಿ ಕೂಡಸಬ್ಯಾಡ ಅಂತ. ನಾನೂ ಕೇಳಲಿಲ್ಲ." ಅವ್ವ ಮರಿಯನ್ನು ಮೆಲ್ಲಗೆ ಟೋಪನ್ನಿಗೆ ಇಳಿಸಿದಳು. "ಎರಡು ವರ್ಷ ಮಾಡಿದೆ. ಇಪ್ಪತ್ತೊಂದು ಮರಿ ಹುಗದೇನಿ ಆ ಗಿಡದ ಬುಡಕ."

ಇಬ್ಬರೂ ಬೇವಿನ ಮರ ನೋಡಿದರು.

"ನಿನಗ ಮೂರಕ್ಕ ತಿಳೀತು," ಅಂದಳು ಅವ್ವ. "ಶ್ಯಾಣ್ಯಾ ಅದಿ. ತಗೋ, ಎಳ್ಳುಬೆಲ್ಲ."

ಆ ಮರಿ ಬದುಕಿತು. ದಪ್ಪನಾಯಿತು. ಗರಿ ಬಂದವು, ಬಿದ್ದವು, ಮತ್ತೆ ಒಂದಿಷ್ಟು ಬಂದವು. ಅಂಗಿ ಮೂರು ಸಲ ಬಿಗಿಯಾಗಿ, ಮೂರು ಸಲ ಬಿಚ್ಚಿ ಹೊಲಿದದ್ದಾಯಿತು. ದೊಡ್ಡದಾದ ಮೇಲೆ ಅದಕ್ಕೆ ಟೋಪನ್ ಸಾಲದಾಯಿತು. ಖಾಲಿ ಬಿದ್ದ ಟೋಪನ್ನಿನಲ್ಲಿ ಒಂದು ಸಾದಾ ಹೇಂಟೆ ತತ್ತಿ ಇಟ್ಟು, ಕಾವಿಗೇ ಕೂತುಬಿಟ್ಟಿತು.

ಕಲ್ಲಿನಾಥ ಅದಕ್ಕೆ ಹೆಸರಿಡಬೇಕೆಂದುಕೊಂಡ. ಆಮೇಲೆ ಒಂದಕ್ಕಿಟ್ಟರೆ ಎಲ್ಲ ಸಾದಾ ಕೋಳಿಗಳಿಗೂ ಇಡಬೇಕಾದೀತೆಂದು, ಎಲ್ಲಕ್ಕೂ ಇಟ್ಟ. ಒಂದು ವಾರ ಹಿಡಿಯಿತು.

ಯುಗಾದಿಗೆ ಮಲ್ಲನಗೌಡ ಬಂದ. ಬಾಜಾ ಬಜಂತ್ರಿ ಇಲ್ಲದಿದ್ದರೂ ಹೂವಿನ ಹಾರ ತಂದಿದ್ದ.

ಬೋಳು ತಲೆಯ ಆಳೊಬ್ಬ ಗೂಡು ಬಳಿಯುತ್ತಿದ್ದ.

"ಏ ತಮ್ಮಾ, ಸ್ವಾಮಿಗಳು ಎಲ್ಲಿ?"

"ಯಾವ ಸ್ವಾಮಿಗಳ್ರಿ?"

"ಗುಂಗುರು ಕೂದಲಿನವರೋ."

ಆಳು ಪೊರಕೆಯಿಂದ ಮೂಲೆ ತೋರಿಸಿದ. "ಅಲ್ಲಿ ಅದಾರ ನೋಡ್ರಿ. ತತ್ತಿಗೆ ಕುಂತಾರ."

ಗೌಡ ಬಗ್ಗಿ ನೋಡಿದ. ಟೋಪನ್ನಿನಿಂದ ಹೇಂಟೆ ಕತ್ತೆತ್ತಿ ಗುರ್ರೆಂದಿತು. ಗೌಡ ಹೇಂಟೆಯನ್ನು ನೋಡಿದ, ಟೋಪನ್ನನ್ನು ನೋಡಿದ, ಆಳಿನ ತಲೆಯನ್ನು ನೋಡಿದ. ಮೂರನ್ನೂ ಕೂಡಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಶಿವನ! ನೀವ?"

"ನಾನ ಗೌಡ್ರ."

"ನನ್ನ ಕೋಳಿ?"

ಕಲ್ಲಿನಾಥ ಒಂದು ಗುಂಗರಿ ಹುಂಜ, ಎರಡು ಸಾದಾ ಹೇಂಟೆ ಹಿಡಿದು ತಂದ.

"ಇವನ್ನ ಒಯ್ಯರಿ. ಮರಿ ಆದ್ರ ಅರ್ಧ ಗುಂಗರಿ, ಅರ್ಧ ಸಾದಾ. ಆದಷ್ಟು ಆಗತಾವ."

"ನಾ ಸಾದಾ ಬ್ಯಾಡಂದಿದ್ದೆ. ಎಲ್ಲಾ ಗುಂಗರಿ ಬೇಕಂದಿದ್ದೆ."

"ಎಲ್ಲಾ ಗುಂಗರಿ ಅಂದ್ರ ಹಿಂಗ ಆಗತೈತಿ," ಅಂದು ಕಲ್ಲಿನಾಥ ಬೋಳು ಕೋಳಿಯನ್ನು ಕರೆದ.

ಅದು ಮಖಮಲ್ ಅಂಗಿಯಲ್ಲಿ ಓಡಿಬಂದು ಗೌಡನ ಜೋಡಿನ ಮೇಲೆ ನಿಂತಿತು. ಗೌಡ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಇದೇನು ಪೀಡಾ!"

"ನೀವು ಕೇಳಿದ್ದು ಗೌಡ್ರ. ನಾ ಮಾಡಿದ್ದು."

ಗೌಡ ಬಹಳ ಹೊತ್ತು ತಲೆ ಕೆರೆದುಕೊಂಡ. ಕಡೆಗೆ ಹುಂಜ, ಹೇಂಟೆಗಳನ್ನು ಬುಟ್ಟಿಗೆ ಹಾಕಿಸಿಕೊಂಡ.

"ಎಲ್ಲಾ ಸರಿ. ನಾ ಬಾಗಲ ಕೆತ್ತಿಸಿಬಿಟ್ಟೇನಲ್ಲ, ಹೆಸರು ಸಮೇತ. ಅದನ್ನೇನು ಮಾಡ್ಲಿ?"

"ಕೋಳಿ ಗೂಡಿಗೆ ಹಚ್ಚರಿ."

ಗೌಡ ಹಾಗೇ ಮಾಡಿದನಂತೆ. ಆಚೆ ಊರಿಗೆ ಹೋದವರು, ಸಾಗವಾನಿ ಬಾಗಿಲು, ಮೇಲೆ ಸ್ವಾಮಿಗಳ ಹೆಸರು, ಒಳಗೆ ಕೋಳಿ ಕೂಗುವುದು ಇವನ್ನು ಕಂಡು ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಅರ್ಧ ಮುಗಿದು ಬರುತ್ತಿದ್ದರು.

ಆಮೇಲೆ ಬೇಸಿಗೆ ಬಂತು. ಅಂಥ ಬೇಸಿಗೆ ಆ ಸೀಮೆ ಎಷ್ಟೋ ವರ್ಷ ಕಂಡಿರಲಿಲ್ಲ. ಹೊಳೆ ಒಂದು ಎಳೆಯಾಗಿ ಹರಿಯಿತು. ಮಧ್ಯಾಹ್ನ ಕೋಳಿಗಳೆಲ್ಲ ಬೇವಿನ ನೆರಳಲ್ಲಿ ರೆಕ್ಕೆ ಜೋತು ಬಿಟ್ಟು, ಕೊಕ್ಕು ತೆರೆದು ಏದುತ್ತಿದ್ದವು. ಕೀಚಕ ಕೂಗುವುದನ್ನೇ ಬಿಟ್ಟಿತ್ತು. ಚಿತ್ರಾಂಗದೆ ನೀರಿನ ಮಡಕೆಗೆ ಒರಗಿ ಕಣ್ಣು ಮುಚ್ಚಿತ್ತು.

ಒಂದೇ ಒಂದು ಕೋಳಿ ಮಾತ್ರ ಅಂಗಿ ಬಿಚ್ಚಿಸಿಕೊಂಡು ನೆರಳಿನ ಅಂಚಿನಲ್ಲಿ ಮಿಡತೆಗಳನ್ನು ಅಟ್ಟುತ್ತ ಓಡಾಡುತ್ತಿತ್ತು. ಮೈಗೆ ಗಾಳಿ ತಾಗಿದಾಗಲೆಲ್ಲ ಕತ್ತು ನೀಳ ಮಾಡಿ ನಿಲ್ಲುತ್ತಿತ್ತು.

ಕಲ್ಲಿನಾಥ ತನ್ನ ಬೋಳು ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಅದನ್ನು ನೋಡುತ್ತಿದ್ದ. ಕಡೆಗೆ ತಡೆಯಲಾರದೆ ಕೇಳಿದ.

"ಅವ್ವಾ, ಮಾಗ್ಯಾಗ ನಾ ಇದನ್ನ ನೋಡಿ ಅತ್ತೆ. ನನ್ನ ತಪ್ಪು ಕಣ್ಣಮುಂದ ನಡಗತೈತಿ ಅಂದ್ಕೊಂಡೆ. ಈಗ ನೋಡಿದ್ರ ಎಲ್ಲಾವೂ ಬೇಯಾಕ ಹತ್ತ್ಯಾವ, ಇದೊಂದ ಅರಸನಂಗ ಆಡಾಕ ಹತ್ತೈತಿ. ಹಂಗಾರ ನಾ ಮಾಡಿದ್ದು ತಪ್ಪೋ, ಅಲ್ಲೋ?"

ಅವ್ವ ಬೀಸಣಿಗೆ ನಿಲ್ಲಿಸಲಿಲ್ಲ.

"ತಪ್ಪು ನಿಂದು," ಅಂದಳು. "ಬ್ಯಾಸಗಿ ಅದರದು."